ಪುಸ್ತಕ ಬಂತು, ಪ್ರಶ್ನೆ ಬಂತೇ?

ಹೊರದೇಶದ ನೆರವಿನಿಂದ ಪ್ರಾಥಮಿಕ ಶಾಲೆಯ ಸಮಾಜ ಪಾಠವನ್ನು ಹೊಸದಾಗಿ ಕಟ್ಟುವ ಕೆಲಸ ಅರವತ್ತು ವರ್ಷಗಳಿಂದ ನಡೆದಿದೆ. ಅದು ಫಲ ಕೊಟ್ಟಿತೇ ಎಂದು ಹೇಳಬೇಕಾದರೆ ಅಳೆಯಬೇಕಾದದ್ದು ಏನು?

1968ರ ಆಗಸ್ಟ್ 19ರಿಂದ 30ರವರೆಗೆ ಕೆನ್ಯಾದ ಕರಾವಳಿ ನಗರ ಮೊಂಬಾಸಾದಲ್ಲಿ ಒಂದು ಸಮ್ಮೇಳನ ನಡೆಯಿತು. ಆಫ್ರಿಕಾದ ಹಲವು ದೇಶಗಳ ಶಿಕ್ಷಣಾಧಿಕಾರಿಗಳು, ಪಠ್ಯಕ್ರಮ ರೂಪಿಸುವವರು ಅಲ್ಲಿ ಸೇರಿದ್ದರು. ಅವರಲ್ಲಿ ಹೆಚ್ಚಿನವರ ದೇಶಗಳು ಸ್ವತಂತ್ರವಾಗಿ ಹತ್ತು ವರ್ಷವೂ ತುಂಬಿರಲಿಲ್ಲ. ಧ್ವಜ ಬದಲಾಗಿತ್ತು, ನಾಡಗೀತೆ ಬದಲಾಗಿತ್ತು; ಶಾಲೆಯ ಪಾಠ ಬಹುಪಾಲು ಹಳೆಯದೇ ಇತ್ತು. ಮಕ್ಕಳು ಬ್ರಿಟನ್ನಿನ ದೊರೆಗಳ ಹೆಸರನ್ನೂ ಯುರೋಪಿನ ಅನ್ವೇಷಕರು ಬಂದ ದಾರಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ತಮ್ಮ ಊರಿನ ಸಂತೆ, ತಮ್ಮ ಹಿರಿಯರು ಜಗಳ ಬಗೆಹರಿಸುತ್ತಿದ್ದ ರೀತಿ, ತಮ್ಮ ಅಜ್ಜಿಗೆ ನೆನಪಿದ್ದ ಚರಿತ್ರೆ ಇವೆಲ್ಲ ಪುಸ್ತಕದ ಹೊರಗೇ ಉಳಿದಿದ್ದವು.

ಇತಿಹಾಸ, ಭೂಗೋಳ, ಪೌರನೀತಿ ಎಂದು ಮೂರು ಹೋಳಾಗಿದ್ದ ಪಾಠವನ್ನು ಒಂದುಗೂಡಿಸಬೇಕು, ಮಗುವಿನ ಮನೆ ಮತ್ತು ಊರಿನಿಂದ ಅದನ್ನು ಆರಂಭಿಸಬೇಕು, ಮಕ್ಕಳು ಉತ್ತರ ಒಪ್ಪಿಸುವುದಕ್ಕಿಂತ ತಾವೇ ಕೇಳಿ, ಹುಡುಕಿ, ಮಾತಾಡಿ ತಿಳಿಯಬೇಕು ಎಂಬುದು ಆ ಸಮ್ಮೇಳನದ ಆಶಯವಾಗಿತ್ತು. ಇದರಿಂದ ಹುಟ್ಟಿದ್ದು ‘ಆಫ್ರಿಕನ್ ಸೋಷಿಯಲ್ ಸ್ಟಡೀಸ್ ಪ್ರೋಗ್ರಾಂ’. ಅದರ ಕಚೇರಿ ನೈರೋಬಿಯಲ್ಲಿ ನೆಲೆಗೊಂಡಿತು. ಸಮಾಜ ಪಾಠಕ್ಕೆಂದೇ ಹಲವು ದೇಶಗಳು ಒಂದಾಗಿ ಕೈಹಾಕಿದ, ಅಂತರರಾಷ್ಟ್ರೀಯ ನೆರವು ಪಡೆದ ಕಾರ್ಯಕ್ರಮಗಳಲ್ಲಿ ಇದು ಬಹು ಮುಖ್ಯವಾದದ್ದು. ಇಂಥ ಕೆಲಸವನ್ನು ಹೇಗೆ ತೂಗಬೇಕು ಎಂಬ ಪ್ರಶ್ನೆಗೆ ಇದರ ಕತೆಯಲ್ಲಿ ಕಲಿಯಲು ಬಹಳ ಇದೆ. ಸಾಲ ಮತ್ತು ಅನುದಾನಗಳ ಮೂಲಕ ಶಾಲಾ ಸುಧಾರಣೆ ಕಂಡ ಕರ್ನಾಟಕಕ್ಕೂ ಇದು ದೂರದ ಕತೆಯಲ್ಲ.

ದುಡ್ಡಿನ ದಾರಿ, ಆಲೋಚನೆಯ ದಾರಿ

ಮೊಂಬಾಸಾದ ಬೇರು ಅಮೆರಿಕದಲ್ಲಿತ್ತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ತನ್ನ ಶಾಲೆಗಳ ವಿಜ್ಞಾನ, ಗಣಿತ ಪಾಠಗಳನ್ನು ಬದಲಿಸಲು ಭಾರಿ ಹಣ ಸುರಿಯಿತು. ಎಂಐಟಿಯ ಭೌತವಿಜ್ಞಾನಿ ಜೆರಾಲ್ಡ್ ಜಕರಾಯಸ್ ಈ ಚಳವಳಿಯ ಮುಂದಾಳು. ವಿಜ್ಞಾನಿಗಳೂ ಶಿಕ್ಷಕರೂ ಒಟ್ಟಿಗೆ ಕೂತು ಪಾಠ ಬರೆಯುವ ಪದ್ಧತಿಯನ್ನು ಅವರ ಬಳಗ ರೂಢಿಸಿತು. 1961ರಲ್ಲಿ ಬಾಸ್ಟನ್ ಸಮೀಪದ ಎಂಡಿಕಾಟ್ ಹೌಸ್‌ನಲ್ಲಿ ನಡೆದ ಸಭೆಯಲ್ಲಿ ಇದೇ ಪದ್ಧತಿಯನ್ನು ಆಫ್ರಿಕಾಕ್ಕೆ ಒಯ್ಯುವ ಮಾತು ಬಂತು. ಮರುವರ್ಷವೇ ಉಗಾಂಡದ ಎಂಟೆಬೆಯಲ್ಲಿ ಗಣಿತದ ಕಾರ್ಯಾಗಾರ ನಡೆಯಿತು. ಅದರ ಬೆನ್ನಿಗೆ ಪ್ರಾಥಮಿಕ ವಿಜ್ಞಾನ, ಕೊನೆಗೆ ಸಮಾಜ ಅಧ್ಯಯನ. ಹಣ ಬಂದದ್ದು ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್ಏಡ್ ಮತ್ತು ಫೋರ್ಡ್ ಪ್ರತಿಷ್ಠಾನದಿಂದ. ಕೆಲಸ ನಡೆಸಿದ್ದು ಮ್ಯಾಸಚೂಸೆಟ್ಸ್‌ನ ಎಜುಕೇಶನ್ ಡೆವಲಪ್‌ಮೆಂಟ್ ಸೆಂಟರ್. ಮೊಂಬಾಸಾ ಸಮ್ಮೇಳನಕ್ಕೆ ಬ್ರಿಟನ್ನಿನ ಒಂದು ಪಠ್ಯಕ್ರಮ ಸಂಸ್ಥೆಯೂ ಕೈಜೋಡಿಸಿತು.

ನೆರವು ಕೊಟ್ಟವರೂ ಪಡೆದವರೂ ಪ್ರಾಮಾಣಿಕವಾಗಿಯೇ ಕೆಲಸ ಮಾಡಿದರು. ಆದರೆ ಗಣಿತದಿಂದ ಸಮಾಜ ಪಾಠಕ್ಕೆ ಕಾಲಿಟ್ಟೊಡನೆ ನೆಲವೇ ಬೇರೆಯಾಯಿತು. ಏಳು ಎಂಟಲಿ ಐವತ್ತಾರು ಬಾಸ್ಟನ್ನಿನಲ್ಲೂ ಸರಿ, ನೈರೋಬಿಯಲ್ಲೂ ಸರಿ. ‘ಈ ಹೊಲ ಯಾರದು, ಯಾಕೆ ಅವರದಾಯಿತು?’ ಎಂಬ ಪ್ರಶ್ನೆಗೆ ಹಾಗೆ ಎಲ್ಲೆಡೆ ಹೊಂದುವ ಉತ್ತರವಿಲ್ಲ. ಸಮಾಜ ಪಾಠ ಮಗುವಿಗೆ ‘ನಾವು’ ಎಂದರೆ ಯಾರು ಎಂದು ಕಲಿಸುತ್ತದೆ. ಆ ‘ನಾವು’ವಿನ ಗಡಿ ಎಳೆಯುವುದಕ್ಕೆ ಪ್ರತಿ ಸರ್ಕಾರಕ್ಕೂ, ಪ್ರತಿ ಜನಾಂಗಕ್ಕೂ, ಪ್ರತಿ ಧರ್ಮಕ್ಕೂ ಆಸೆ ಇರುತ್ತದೆ. ಮೊಂಬಾಸಾ ಸಭೆ ಸೇರಿದ್ದಾಗ ನೈಜೀರಿಯಾದಲ್ಲಿ, ಬೇರೆ ದೇಶವಾಗಲು ಹೊರಟ ಬಯಾಫ್ರ ಪ್ರದೇಶದೊಂದಿಗೆ, ಯುದ್ಧ ನಡೆಯುತ್ತಿತ್ತು. ಒಂದೇ ದೇಶದ ಮಕ್ಕಳಿಗೆ ಒಂದೇ ಸಮಾಜ ಪಾಠ ಎಂಬುದು ಅಲ್ಲಿ ಜೀವನ್ಮರಣದ ಮಾತಾಗಿತ್ತು.

ಅಳತೆಗೋಲು ಬೆಳೆದ ಬಗೆ

ಒಂದು ಪಠ್ಯಕ್ರಮ ಯಶಸ್ವಿಯಾಯಿತೇ ಎಂದು ಹೇಳುವ ವಿದ್ಯೆಗೂ ಒಂದು ಚರಿತ್ರೆ ಇದೆ. ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಅದಕ್ಕೊಂದು ಸರಳ ಸೂತ್ರ ಕೊಟ್ಟರು: ಮೊದಲು ಉದ್ದೇಶ ಬರೆಯಿರಿ, ಆಮೇಲೆ ಪಾಠ ಮಾಡಿ, ಕೊನೆಗೆ ಉದ್ದೇಶ ಈಡೇರಿತೇ ಎಂದು ಅಳೆಯಿರಿ. ಈ ಸೂತ್ರ ಲೋಕವೆಲ್ಲ ಹರಡಿತು. ಟೈಲರ್ ಶಿಷ್ಯ ಬೆಂಜಮಿನ್ ಬ್ಲೂಮ್ 1957ರಲ್ಲಿ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಗೆ ಸಲಹೆ ನೀಡಿದರು. ನಮ್ಮ ಶಿಕ್ಷಕರ ಪಾಠಯೋಜನೆಯಲ್ಲಿ ಇಂದಿಗೂ ಕಾಣುವ ಜ್ಞಾನ, ತಿಳಿವಳಿಕೆ, ಅನ್ವಯ ಎಂಬ ಉದ್ದೇಶಗಳ ಸಾಲಿನ ಮೂಲ ಅಲ್ಲಿದೆ.

1967ರಲ್ಲಿ ಮೈಕೆಲ್ ಸ್ಕ್ರಿವನ್ ಒಂದು ಭೇದ ತೋರಿಸಿಕೊಟ್ಟರು. ಕೆಲಸ ನಡೆಯುತ್ತಿರುವಾಗಲೇ ಅದನ್ನು ತಿದ್ದಿಕೊಳ್ಳಲು ಮಾಡುವ ಮೌಲ್ಯಮಾಪನ ಒಂದು. ಮುಗಿದ ಮೇಲೆ ತೀರ್ಪು ಕೊಡಲು ಮಾಡುವುದು ಇನ್ನೊಂದು. ರೂಪಣಾತ್ಮಕ, ಸಂಕಲನಾತ್ಮಕ ಎಂದು ನಮ್ಮ ಶಾಲೆಗಳಲ್ಲಿ ಕರೆಯುವ, ಪ್ರತಿ ಮನೆಯ ಮಗುವಿಗೂ ಗೊತ್ತಿರುವ ಎಫ್‌ಎ, ಎಸ್‌ಎ ಪರೀಕ್ಷೆಗಳ ಹಿಂದೆ ಇರುವುದು ಇದೇ ಭೇದ. ಸ್ಕ್ರಿವನ್ ಮನಸ್ಸಿನಲ್ಲಿ ಮಕ್ಕಳ ಅಂಕಕ್ಕಿಂತ ಹೆಚ್ಚಾಗಿ ಇದ್ದದ್ದು ಪಠ್ಯಕ್ರಮ. ಪರೀಕ್ಷೆಗೆ ಕೂರಬೇಕಾದದ್ದು ಮೊದಲು ಪಠ್ಯಕ್ರಮ, ಆಮೇಲೆ ಮಗು.

1972ರಲ್ಲಿ ಬ್ರಿಟನ್ನಿನ ಮಾಲ್ಕಂ ಪಾರ್ಲೆಟ್ ಮತ್ತು ಡೇವಿಡ್ ಹ್ಯಾಮಿಲ್ಟನ್ ಇನ್ನೂ ಮುಂದೆ ಹೋದರು. ಬೀಜ ಬಿತ್ತಿ, ಗೊಬ್ಬರ ಹಾಕಿ, ಇಳುವರಿ ತೂಗುವ ಕೃಷಿ ಪ್ರಯೋಗದ ರೀತಿ ಶಾಲೆಗೆ ಒಗ್ಗುವುದಿಲ್ಲ ಎಂದು ಅವರು ವಾದಿಸಿದರು. ಒಂದೇ ಪುಸ್ತಕ ಎರಡು ತರಗತಿಗಳಲ್ಲಿ ಎರಡು ಪಾಠವಾಗುತ್ತದೆ. ಆದ್ದರಿಂದ ಮೌಲ್ಯಮಾಪಕ ತರಗತಿಯಲ್ಲಿ ಕೂರಬೇಕು, ಶಿಕ್ಷಕರೊಂದಿಗೆ ಮಾತಾಡಬೇಕು, ಅಲ್ಲಿ ನಿಜವಾಗಿ ನಡೆಯುವುದರ ಮೇಲೆ ಬೆಳಕು ಚೆಲ್ಲಬೇಕು.

ಹೀಗೆ ವಿದ್ಯೆ ಬೆಳೆಯಿತು. ನೆರವಿನ ಯೋಜನೆಗಳ ವರದಿಗಳು ಮಾತ್ರ ಬಹುಕಾಲ ಲೆಕ್ಕದಲ್ಲೇ ನಿಂತವು. ಎಷ್ಟು ಪುಸ್ತಕ ಅಚ್ಚಾಯಿತು, ಎಷ್ಟು ಶಿಕ್ಷಕರಿಗೆ ತರಬೇತಿ ಆಯಿತು, ಎಷ್ಟು ಹಣ ಖರ್ಚಾಯಿತು. ಹಣ ಕೊಟ್ಟವರು ತಮ್ಮ ದೇಶದ ಸಂಸತ್ತಿಗೆ, ತೆರಿಗೆದಾರರಿಗೆ ಲೆಕ್ಕ ಒಪ್ಪಿಸಬೇಕು; ಅದು ನ್ಯಾಯವೇ. ಆದರೆ ಆ ಲೆಕ್ಕಕ್ಕೆ ಸಿಗದ ಸಂಗತಿಯೊಂದಿದೆ: ಪುಸ್ತಕ ತೆರೆದ ಮೇಲೆ ತರಗತಿಯಲ್ಲಿ ಮಾತಾಡಿದ್ದು ಯಾರು?

ತರಗತಿಯಲ್ಲಿ ಕಂಡದ್ದು

ಈ ಪ್ರಶ್ನೆ ಹಿಡಿದು ಹೋದವರಲ್ಲಿ ಅಮೆರಿಕದ ಸಂಶೋಧಕಿ ಮೆರಿ ಮೆರಿಫೀಲ್ಡ್ ಒಬ್ಬರು. 1980ರ ದಶಕದಲ್ಲಿ ಅವರು ಕೆನ್ಯಾ, ಮಲಾವಿ, ನೈಜೀರಿಯಾ ಈ ಮೂರು ದೇಶಗಳ ಸಮಾಜ ಪಾಠವನ್ನು ಒಟ್ಟಿಗೆ ಇಟ್ಟು ನೋಡಿದರು. ಕಾಗದದ ಮೇಲೆ ಮೂರೂ ಕಡೆ ಉದ್ದೇಶ ದೊಡ್ಡದು: ರಾಷ್ಟ್ರ ನಿರ್ಮಾಣ, ಐಕ್ಯ, ಸ್ವತಂತ್ರ ಆಲೋಚನೆ. ತರಗತಿಯಲ್ಲಿ ಹೆಚ್ಚಾಗಿ ಕಂಡದ್ದು ಹಳೆಯ ಪದ್ಧತಿ: ಶಿಕ್ಷಕರು ಹೇಳುವುದು, ಮಕ್ಕಳು ಒಪ್ಪಿಸುವುದು. ತುಂಬಿ ತುಳುಕುವ ತರಗತಿ, ಪುಸ್ತಕದ ಕೊರತೆ, ಹೊಸ ಪದ್ಧತಿಯಲ್ಲಿ ತಾವೇ ಎಂದೂ ಕಲಿಯದ ಶಿಕ್ಷಕರು. ಇವಕ್ಕೆಲ್ಲ ಮೇಲೆ ಪರೀಕ್ಷೆ.

ಕೆನ್ಯಾದಲ್ಲಿ 1985ರಲ್ಲಿ ಪ್ರಾಥಮಿಕ ಶಾಲೆಯ ಕೊನೆಗೆ ಕೆಸಿಪಿಇ ಎಂಬ ರಾಷ್ಟ್ರೀಯ ಪರೀಕ್ಷೆ ಬಂತು. ಒಳ್ಳೆಯ ಪ್ರೌಢಶಾಲೆ ಸಿಗುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಅದೇ. ಭೂಗೋಳ, ಇತಿಹಾಸ, ಪೌರನೀತಿ ಸೇರಿದ ಪತ್ರಿಕೆಯಲ್ಲಿ ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದನ್ನು ಗುರುತಿಸಬೇಕಿತ್ತು. ಊರಿನ ಹಿರಿಯರನ್ನು ಮಾತಾಡಿಸಿ ಬಾ ಎಂದು ಪಠ್ಯಕ್ರಮ ಹೇಳುತ್ತಿತ್ತು. ಸರಿಯುತ್ತರಕ್ಕೆ ಗುರುತು ಹಾಕು ಎಂದು ಪರೀಕ್ಷೆ ಹೇಳುತ್ತಿತ್ತು. ಇವೆರಡರ ನಡುವೆ ಸಿಕ್ಕ ಶಿಕ್ಷಕರು ಮಕ್ಕಳ ಭವಿಷ್ಯ ನೋಡಿ ಪರೀಕ್ಷೆಯ ಕಡೆ ನಿಂತರೆ ಅವರನ್ನು ದೂರುವುದು ಹೇಗೆ? ಕೆನ್ಯಾ ಹೊಸ ಸಾಮರ್ಥ್ಯಾಧಾರಿತ ಪಠ್ಯಕ್ರಮಕ್ಕೆ ಹೊರಳಿ, 2023ರಲ್ಲಿ ಕೊನೆಯ ಕೆಸಿಪಿಇ ನಡೆಸಿತು. ಮೊಂಬಾಸಾದ ಆಶಯಕ್ಕೂ ಪರೀಕ್ಷೆಗೂ ಇದ್ದ ವಿರೋಧವನ್ನು ನೇರವಾಗಿ ಎದುರಿಸಲು ಅರ್ಧ ಶತಮಾನ ಹಿಡಿಯಿತು.

ಮಲಾವಿಯ ತೊಡಕು ಬೇರೆ. ಹೇಸ್ಟಿಂಗ್ಸ್ ಬಾಂಡಾ ಅವರ ಏಕಪಕ್ಷ ಆಡಳಿತ 1994ರವರೆಗೆ ನಡೆದ ದೇಶ ಅದು. ಐಕ್ಯ, ನಿಷ್ಠೆ, ವಿಧೇಯತೆ, ಶಿಸ್ತು ಎಂಬ ನಾಲ್ಕು ಅಲ್ಲಿನ ಆಳುವ ಪಕ್ಷದ ಮೂಲಸ್ತಂಭಗಳು. ವಿಧೇಯತೆಯನ್ನು ರಾಜ್ಯದ ಅಡಿಗಲ್ಲಾಗಿ ಸಾರಿದ ನಾಡಿನಲ್ಲಿ ‘ಪ್ರಶ್ನಿಸುವುದನ್ನು ಕಲಿಸಿ’ ಎನ್ನುವ ಪಠ್ಯಕ್ರಮ ಎಷ್ಟು ದೂರ ನಡೆದೀತು? ಅಲ್ಲಿನ ಶಿಕ್ಷಕರು ಹೊಸ ಪದ್ಧತಿ ಪಾಲಿಸಲಿಲ್ಲ ಎಂದು ಅಂಕ ಕಡಿಮೆ ಕೊಟ್ಟರೆ ಅಂಥ ಮೌಲ್ಯಮಾಪನ ಆ ಶಿಕ್ಷಕರ ಭಯವನ್ನೇ ಕಾಣಲಿಲ್ಲ ಎಂದಾಗುತ್ತದೆ.

ನೈಜೀರಿಯಾ ಸಮಾಜ ಅಧ್ಯಯನವನ್ನು ಮನಸಾರೆ ಅಪ್ಪಿಕೊಂಡಿತು. ಯುದ್ಧ ಮುಗಿದ ಮೇಲೆ ಒಡೆದ ಮನಸ್ಸುಗಳನ್ನು ಕೂಡಿಸುವ ವಿಷಯವಾಗಿ ಅದನ್ನು ಕಂಡಿತು. ಆದರೆ ಒಂದುಗೂಡಿಸುವ ಭರದಲ್ಲಿ ಇತಿಹಾಸ ತೆಳುವಾಯಿತು ಎಂಬ ಕೊರಗು ಅಲ್ಲಿನ ಇತಿಹಾಸಕಾರರಲ್ಲಿ ಬೆಳೆಯಿತು. ಕೊನೆಗೆ ಇತಿಹಾಸವನ್ನು ಮತ್ತೆ ಪ್ರತ್ಯೇಕ ವಿಷಯವಾಗಿ ತರಲು ಸರ್ಕಾರ ತೀರ್ಮಾನಿಸಬೇಕಾಯಿತು. ಇಂಥ ಪರಿಣಾಮ ಐದು ವರ್ಷದ ಯೋಜನಾ ವರದಿಯಲ್ಲಿ ಸಿಗುವುದಿಲ್ಲ; ಒಂದು ತಲೆಮಾರು ಕಳೆದ ಮೇಲೆಯೇ ಕಾಣುತ್ತದೆ.

ನೆರವು ಕೊಟ್ಟವರ ಮನೆಯಲ್ಲೇ

ಆಫ್ರಿಕಾದ ದೇಶಗಳಿಗೆ ಪಾಠ ಬರೆಯಲು ನೆರವಾದ ಅದೇ ಎಜುಕೇಶನ್ ಡೆವಲಪ್‌ಮೆಂಟ್ ಸೆಂಟರ್ ಅಮೆರಿಕದ ಮಕ್ಕಳಿಗೂ ಒಂದು ಸಮಾಜ ಪಾಠ ರೂಪಿಸಿತು. ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅದರ ಪ್ರೇರಕ ಶಕ್ತಿ. ‘ಮ್ಯಾನ್: ಎ ಕೋರ್ಸ್ ಆಫ್ ಸ್ಟಡಿ’ ಎಂಬ ಈ ಪಠ್ಯ ಹತ್ತು ಹನ್ನೊಂದು ವರ್ಷದ ಮಕ್ಕಳಿಗೆಂದು ಸಿದ್ಧವಾದದ್ದು. ಸಾಲ್ಮನ್ ಮೀನು, ಹೆರಿಂಗ್ ಗಲ್ ಹಕ್ಕಿ, ಬಬೂನ್ ಕೋತಿಗಳ ಬದುಕು ನೋಡಿ, ಬಳಿಕ ಕೆನಡಾದ ಹಿಮಪ್ರದೇಶದ ನೆಟ್ಸಿಲಿಕ್ ಜನರ ಜೀವನವನ್ನು ಚಲನಚಿತ್ರಗಳ ಮೂಲಕ ಕಂಡು, ಮನುಷ್ಯನನ್ನು ಮನುಷ್ಯನಾಗಿಸುವುದು ಯಾವುದು ಎಂದು ಮಕ್ಕಳೇ ಯೋಚಿಸಬೇಕಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇದಕ್ಕೆ ಹಣ ಕೊಟ್ಟಿತು.

ಇದರ ಮೌಲ್ಯಮಾಪನ ಕಾಟಾಚಾರದ್ದಲ್ಲ. ಹಾರ್ವರ್ಡಿನ ಡೀನ್ ವಿಟ್ಲಾ ಮತ್ತು ಸಂಗಡಿಗರು ತರಗತಿಗಳಲ್ಲಿ ಕೂತು ನೋಡಿದರು, ಮಕ್ಕಳನ್ನೂ ಶಿಕ್ಷಕರನ್ನೂ ಮಾತಾಡಿಸಿದರು, 1970ರಲ್ಲಿ ವರದಿ ಕೊಟ್ಟರು. ಶಿಕ್ಷಕರ ಭಾಷಣ ಕಡಿಮೆಯಾಗಿ ಮಕ್ಕಳ ಮಾತು ಹೆಚ್ಚಿದ್ದು ಅವರಿಗೆ ಕಂಡಿತು. ಅಷ್ಟಾದರೂ ಆ ಪಠ್ಯ ಉಳಿಯಲಿಲ್ಲ. ಹಿಮದ ಬರಗಾಲದಲ್ಲಿ ನೆಟ್ಸಿಲಿಕ್ ಜನ ವೃದ್ಧರನ್ನೂ ಶಿಶುಗಳನ್ನೂ ಬಿಟ್ಟುಬಿಡಬೇಕಾಗಿ ಬಂದ ಪ್ರಸಂಗಗಳನ್ನು ಹತ್ತು ವರ್ಷದ ಮಕ್ಕಳ ಮುಂದೆ ಇಡುವುದೇ ಎಂದು ಪಾಲಕರು ಸಿಟ್ಟಾದರು. 1975ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಅರಿಜೋನಾದ ಸದಸ್ಯ ಜಾನ್ ಕಾನ್ಲನ್ ಇದರ ವಿರುದ್ಧ ಎದ್ದರು. ಸರ್ಕಾರದ ಹಣ ನಿಂತಿತು. 1978ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಅದನ್ನು ತನ್ನ ಶಾಲೆಗಳಿಂದ ನಿಷೇಧಿಸಿತು.

ಮಕ್ಕಳು ಕಲಿತರೇ ಎಂದು ಕೇಳಿದ ಮೌಲ್ಯಮಾಪಕರು ಮಕ್ಕಳ ಮನೆಯವರು ಒಪ್ಪಿದರೇ ಎಂಬುದಕ್ಕೂ ಅಷ್ಟೇ ತೂಕ ಕೊಡಬೇಕಿತ್ತು. ಸಮಾಜ ಪಾಠವನ್ನು ಸಮಾಜದೊಂದಿಗೆ ಮಾತಾಡದೆ ಬರೆದರೆ ಅದು ಎಷ್ಟೇ ಚೆನ್ನಾಗಿದ್ದರೂ ನಿಲ್ಲದು. ಹಣ, ವಿದ್ವತ್ತು, ಒಳ್ಳೆಯ ಸಂಶೋಧನೆ ಎಲ್ಲ ಇದ್ದ ದೇಶದಲ್ಲೇ ಇದು ಹೀಗಾಯಿತು ಎಂಬುದನ್ನು ನೆರವು ಕೊಡುವವರೂ ಪಡೆಯುವವರೂ ನೆನಪಿಡಬೇಕು.

ಹೆಗ್ಗಡದೇವನಕೋಟೆಯ ಪಾಠ

ಈಗ ನಮ್ಮ ನಾಡಿಗೆ ಬರೋಣ. 1994ರಲ್ಲಿ ಭಾರತದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಶಿಕ್ಷಕರ ಬಾಯಲ್ಲಿ ಅದು ಡಿಪಿಇಪಿ. ಮೊದಲ ಹಂತದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಮ್ಮಲ್ಲಿ ಆಯ್ಕೆಯಾದ ಜಿಲ್ಲೆಗಳು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ವಿಶ್ವಬ್ಯಾಂಕಿನ ಸಾಲ ಮತ್ತಿತರ ಹೊರನೆರವಿನ ಬಲದಿಂದ ಕೇಂದ್ರ ನೂರಕ್ಕೆ 85ರಷ್ಟು, ರಾಜ್ಯ 15ರಷ್ಟು ಖರ್ಚು ಹೊತ್ತವು. ಕೊಠಡಿಗಳು ಎದ್ದವು, ತರಬೇತಿಗಳು ನಡೆದವು, ಹೊಸ ಪುಸ್ತಕಗಳು ಬಂದವು. ಕಾಲಕಾಲಕ್ಕೆ ಜಂಟಿ ಪರಿಶೀಲನಾ ತಂಡಗಳು ಬಂದು ಹೋದವು.

ಕಲಿಕೆ ಎಷ್ಟು ಏರಿತು ಎಂದು ತಿಳಿಯಲು ಈ ಕಾರ್ಯಕ್ರಮ ಆರಂಭದಲ್ಲಿ, ನಡುವೆ, ಕೊನೆಯಲ್ಲಿ ಮಕ್ಕಳಿಗೆ ಪರೀಕ್ಷೆ ನಡೆಸಿತು. ಪರೀಕ್ಷೆಯ ವಿಷಯಗಳು ಭಾಷೆ ಮತ್ತು ಗಣಿತ. ಪರಿಸರ ಅಧ್ಯಯನ, ಅಂದರೆ ಪುಟ್ಟ ಮಕ್ಕಳ ಸಮಾಜ ಪಾಠ, ಆ ತಕ್ಕಡಿಗೆ ಏರಲೇ ಇಲ್ಲ. ಓದು, ಬರಹ, ಲೆಕ್ಕ ಮೊದಲು ಬೇಕು ಎಂಬುದರಲ್ಲಿ ತಪ್ಪಿಲ್ಲ. ಆದರೆ ಅಳೆಯದ ವಿಷಯ ಮೊದಲು ವರದಿಯಿಂದ, ಆಮೇಲೆ ತರಬೇತಿಯಿಂದ, ಕೊನೆಗೆ ವೇಳಾಪಟ್ಟಿಯಿಂದ ಮೆಲ್ಲಗೆ ಜಾರುತ್ತದೆ.

ಇದೇ ಕಾಲದಲ್ಲಿ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಕೂತು ಕಾರ್ಡು ಬರೆದರು, ಕಲಿಕಾ ಏಣಿ ಮಾಡಿದರು, ಮೈಲಿಗಲ್ಲು ಗುರುತಿಸಿದರು. ಹೊರಗಿನ ಹಣ ಬಂದರೂ ಬರೆಯುವ ಕೈ ಸ್ಥಳೀಯರದಾಗಿತ್ತು. ನಲಿ-ಕಲಿಯ ಕಸುವು ಇದ್ದದ್ದು ಇಲ್ಲಿ. 2009-10ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಹಬ್ಬಿದಾಗ ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬಂದವು. ಪುಸ್ತಕದ ಬದಲು ಕಾರ್ಡು, ಬೆಂಚಿನ ಬದಲು ಗುಂಪಿಗೊಂದು ತಟ್ಟೆ, ಮೇಲೆ ಮಕ್ಕಳ ಕೆಲಸ ತೂಗುಹಾಕುವ ಕಲಿಕಾ ಚಪ್ಪರ ಎಲ್ಲ ಎಲ್ಲೆಡೆ ಒಂದೇ ಆಯಿತು. ಆದರೆ ಕಾರ್ಡನ್ನು ತಾನೇ ಬರೆದ ಶಿಕ್ಷಕಿಗೂ ಬಂದ ಕಾರ್ಡನ್ನು ನಡೆಸುವ ಶಿಕ್ಷಕಿಗೂ ಪಾಠದ ಮೇಲಿನ ಹಕ್ಕು ಒಂದೇ ಅಲ್ಲ. ಈ ವ್ಯತ್ಯಾಸವನ್ನು ಹಿಡಿಯದ ಮೌಲ್ಯಮಾಪನ ಅರ್ಧವೇ ಸರಿ.

ಹೆಗ್ಗಡದೇವನಕೋಟೆ ಕಬಿನಿ ಜಲಾಶಯದ ತಾಲ್ಲೂಕು. ನಾಗರಹೊಳೆ ಕಾಡಿನಿಂದ ಹೊರಬಂದ ಜೇನುಕುರುಬರ, ಕಾಡುಕುರುಬರ ಹಾಡಿಗಳಿರುವ ತಾಲ್ಲೂಕು. ಅಲ್ಲಿನ ಮಗುವಿಗೆ ಸಮಾಜ ಪಾಠ ಕಣ್ಣೆದುರೇ ಇದೆ. ‘ಅಣೆಕಟ್ಟಿನ ಉಪಯೋಗಗಳನ್ನು ಬರೆ’ ಎಂಬುದು ಒಂದು ಪ್ರಶ್ನೆ. ‘ನೀರು ಯಾರ ಹೊಲಕ್ಕೆ ಹೋಯಿತು, ಯಾರ ಊರು ಮುಳುಗಿತು, ಅವರು ಈಗ ಎಲ್ಲಿದ್ದಾರೆ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಪುಸ್ತಕದಲ್ಲಿದೆ. ಎರಡನೆಯದಕ್ಕೆ ಮಗು ಅಜ್ಜನನ್ನು ಕೇಳಬೇಕು, ಎರಡು ಮಾತನ್ನು ಹೋಲಿಸಬೇಕು, ಒಬ್ಬರಿಗೆ ಒಳಿತಾದದ್ದು ಇನ್ನೊಬ್ಬರಿಗೆ ನಷ್ಟವಾಗಬಹುದು ಎಂದು ತಿಳಿಯಬೇಕು. ಯಾವ ಪಠ್ಯಕ್ರಮ ಮಗುವನ್ನು ಎರಡನೆಯ ಪ್ರಶ್ನೆಯವರೆಗೆ ಕರೆತರುತ್ತದೋ ಅದು ಗೆದ್ದ ಪಠ್ಯಕ್ರಮ.

ಇನ್ನು ಏನನ್ನು ನೋಡಬೇಕು

ಇಂದಿನ ಅಂತರರಾಷ್ಟ್ರೀಯ ಲೆಕ್ಕಾಚಾರವೂ ಈ ಕೊರತೆಯಿಂದ ಹೊರಬಂದಿಲ್ಲ. ಹತ್ತು ವರ್ಷದ ಮಗು ಸರಳ ಪಠ್ಯ ಓದಬಲ್ಲದೇ ಎಂಬುದನ್ನು ವಿಶ್ವಬ್ಯಾಂಕ್ ಅಳೆಯುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7ನೆಯದು ಮಾನವ ಹಕ್ಕು, ಶಾಂತಿ, ಪೌರತ್ವದ ಕಲಿಕೆಯ ಬಗ್ಗೆ ಇದೆ. ಅದರ ಮೊದಲ ಸೂಚಕ ನೋಡುವುದು ಈ ವಿಚಾರಗಳು ದೇಶದ ನೀತಿಯಲ್ಲಿ, ಪಠ್ಯಕ್ರಮದಲ್ಲಿ, ಶಿಕ್ಷಕರ ತರಬೇತಿಯಲ್ಲಿ, ಮಕ್ಕಳ ಪರೀಕ್ಷೆಯಲ್ಲಿ ಸೇರಿವೆಯೇ ಎಂಬುದನ್ನು; ಅದಕ್ಕೆ ಉತ್ತರ ಕೊಡುವುದು ಆಯಾ ಸರ್ಕಾರವೇ. ಮೊಂಬಾಸಾ ನಂತರದ ಅನುಭವ ತಿಳಿದವರಿಗೆ ಗೊತ್ತು: ದಾಖಲೆಯಲ್ಲಿ ಸೇರುವುದು ಆರಂಭ ಮಾತ್ರ.

ಹೀಗಾಗಿ ನೆರವಿನ ಸಮಾಜ ಪಾಠವನ್ನು ತೂಗುವವರು ನಾಲ್ಕು ಕೆಲಸ ಬಿಡದೆ ಮಾಡಬೇಕು. ಒಂದು, ಪಾಠ ಬರೆಯುವ ಮೇಜಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಎಷ್ಟು ಹೊತ್ತು ಕೂತಿದ್ದರು, ಅವರು ಹೇಳಿದ ಯಾವ ಮಾತು ಪುಸ್ತಕ ಸೇರಿತು ಎಂದು ಹುಡುಕಬೇಕು. ಎರಡು, ಹೊಸ ಪುಸ್ತಕದ ಪಕ್ಕದಲ್ಲಿ ಆ ವರ್ಷದ ಪ್ರಶ್ನೆಪತ್ರಿಕೆ ಇಟ್ಟು ನೋಡಬೇಕು; ಎರಡೂ ಎದುರುಬದುರಾಗಿದ್ದರೆ ಗೆಲ್ಲುವುದು ಪ್ರಶ್ನೆಪತ್ರಿಕೆ. ಮೂರು, ತರಗತಿಯಲ್ಲಿ ಕೂತು ಮಕ್ಕಳು ಎಷ್ಟು ಪ್ರಶ್ನೆ ಕೇಳಿದರು, ಎಂಥ ಪ್ರಶ್ನೆ ಕೇಳಿದರು, ಹಿಂದಿನ ಸಾಲಿನ ಹುಡುಗಿಗೆ ಮಾತಾಡುವ ಸರದಿ ಬಂತೇ ಎಂದು ಬರೆದುಕೊಳ್ಳಬೇಕು. ನಾಲ್ಕು, ಹಣ ನಿಂತು ಹತ್ತು ವರ್ಷವಾದ ಮೇಲೆ ಅದೇ ಶಾಲೆಗೆ ಮರಳಬೇಕು. ಅದಕ್ಕೆ ಬೇಕಾದ ಹಣವನ್ನು ಯೋಜನೆ ಆರಂಭಿಸುವಾಗಲೇ ಎತ್ತಿಡಬೇಕು.

ಕರ್ನಾಟಕಕ್ಕೆ ಇನ್ನೊಂದು ಅನುಕೂಲವಿದೆ. ಗ್ರಾಮ ಪಂಚಾಯಿತಿಗಳು ಪ್ರತಿ ವರ್ಷ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ವ್ಯವಸ್ಥೆ ನಮ್ಮಲ್ಲಿದೆ. ಪಂಚಾಯಿತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ (ಪಿಡಿಒ), ಮುಖ್ಯಶಿಕ್ಷಕರ ಎದುರು ಎದ್ದು ನಿಂತು ಮಗು ಶೌಚಾಲಯಕ್ಕೆ ನೀರಿಲ್ಲ, ಶಾಲೆಯ ವೇಳೆಗೆ ಬಸ್ಸಿಲ್ಲ, ನಮ್ಮ ಕೇರಿಗೆ ಬೀದಿದೀಪ ಯಾಕಿಲ್ಲ ಎಂದು ಕೇಳಬಹುದಾದ ಜಾಗ ಅದು. ಸಮಾಜ ಪಾಠದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲೇ. ಮೌಲ್ಯಮಾಪಕರು ಅಲ್ಲಿಗೆ ಬರಲಿ. ಶಿಕ್ಷಕರು ಬರೆದುಕೊಟ್ಟ ಚೀಟಿ ಓದುವ ಮಗುವಿಗೂ ತಾನೇ ಕಂಡದ್ದನ್ನು ಕೇಳುವ ಮಗುವಿಗೂ ಇರುವ ಅಂತರವನ್ನು ಗಮನಿಸಲಿ. ಕೇಳಿದ ಪ್ರಶ್ನೆಗೆ ಪಂಚಾಯಿತಿ ಉತ್ತರ ಕೊಟ್ಟಿತೇ ಎಂದು ಮುಂದಿನ ವರ್ಷ ಬಂದು ವಿಚಾರಿಸಲಿ. ಉತ್ತರ ಸಿಗದ ಪ್ರಶ್ನೆಗಳು ರಾಶಿ ಬಿದ್ದರೆ, ಕೇಳಿ ಪ್ರಯೋಜನವಿಲ್ಲ ಎಂಬ ಪಾಠವನ್ನೇ ಮಗು ಕಲಿಯುತ್ತದೆ; ಆ ಪಾಠವನ್ನು ಯಾವ ಪುಸ್ತಕವೂ ಅಳಿಸಲಾರದು.

ವರದಿಗಳ ಭಾಷೆಯನ್ನೂ ಬದಲಿಸಬೇಕು. ಇಂಥ ಯೋಜನೆಗಳ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಹಣ ಕೊಟ್ಟವರಿಗೆ ಹೋಗುತ್ತದೆ. ತನ್ನ ತರಗತಿಯ ಬಗ್ಗೆ ಅದರಲ್ಲಿ ಏನಿದೆ ಎಂದು ಶಿಕ್ಷಕಿಗೆ ಗೊತ್ತಾಗುವುದಿಲ್ಲ. ತಮ್ಮ ಮಗುವಿನ ಬಗ್ಗೆ ಏನಿದೆ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಿಗೆ ತಿಳಿಯುವುದಿಲ್ಲ. ವರದಿ ಕನ್ನಡದಲ್ಲಿ ಬರಲಿ, ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಲಿ, ಅದು ಸರಿಯಿಲ್ಲ ಎನ್ನುವ ಹಕ್ಕು ಅವರಿಗಿರಲಿ, ಅವರ ಮಾತು ವರದಿಯ ಭಾಗವಾಗಲಿ. ಹೊರಗಿನಿಂದ ಹಣ ಬರಬಹುದು, ಒಳ್ಳೆಯ ಆಲೋಚನೆಯೂ ಬರಬಹುದು. ಎರಡನ್ನೂ ಕೃತಜ್ಞತೆಯಿಂದ ಪಡೆಯೋಣ. ನಮ್ಮ ಮಕ್ಕಳು ತಮ್ಮ ಸಮಾಜವನ್ನು ಅರಿತರೇ ಎಂಬ ತೀರ್ಪನ್ನು ಮಾತ್ರ ಆ ಸಮಾಜವೇ ಕೊಡಬೇಕು, ಆ ತೀರ್ಪು ಕೊಡುವವರ ಸಾಲಿನಲ್ಲಿ ಮಕ್ಕಳೂ ಇರಬೇಕು.